ದಡ ಬಿಡದ ತಿಮಿಂಗಿಲ

1984ರಲ್ಲಿ ನಾನು ತಿಪಟೂರಿನ ತೋಟಗಾರಿಕೆ ಕಚೇರಿಯಲ್ಲಿ ಸಹಾಯಕ ಅಧಿಕಾರಿಯಾಗಿದ್ದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳನ್ನು ಸುತ್ತುವುದು, ಬೆಳೆಗಾರರಿಗೆ ಸಲಹೆ ಕೊಡುವುದು ನನ್ನ ಕೆಲಸ. ಆ ಹುದ್ದೆಗೆ ಹೆಂಗಸೊಬ್ಬಳು ಬಂದಳೆಂದು ಮೊದಲು ಜನ ಅನುಮಾನದಿಂದ ನೋಡಿದರು. ಆಮೇಲೆ ಬಸ್ಸಿಳಿದು ನಡೆದೇ ತೋಟಕ್ಕೆ ಬರುತ್ತೇನೆಂದು ಕಂಡ ಮೇಲೆ ಎಳನೀರು ಕೊಚ್ಚಿಕೊಟ್ಟು ಮಾತಾಡಿಸಲು ಶುರು ಮಾಡಿದರು.

ಆಗ ನಮ್ಮ ಸೀಮೆಯಲ್ಲಿ ಅಣಬೆ ರೋಗ ಹಬ್ಬುತ್ತಿತ್ತು. ಇದು ತೆಂಗಿನ ಬೇರಿಗೆ ಹತ್ತುವ ಶಿಲೀಂಧ್ರದ ರೋಗ. ಮರದ ಬುಡದಿಂದ ಕಂದು ರಸ ಸೋರುತ್ತದೆ, ಗರಿಗಳು ಜೋತುಬೀಳುತ್ತವೆ, ಕೊನೆಗೆ ಬುಡದಲ್ಲಿ ಅಣಬೆ ಏಳುತ್ತದೆ. ಅಣಬೆ ಕಾಣಿಸಿತೆಂದರೆ ಒಳಗೆ ಎಲ್ಲ ಮುಗಿದಿದೆ ಎಂದೇ ಅರ್ಥ. ರೋಗ ಬಂದ ಮರದ ಸುತ್ತ ಕಂದಕ ತೋಡಿ ಪಕ್ಕದ ಮರಗಳ ಬೇರಿನ ಸಂಪರ್ಕ ತಪ್ಪಿಸಬೇಕು, ಕೈಮೀರಿದ ಮರವನ್ನು ಕಡಿದು ಬುಡಸಮೇತ ಸುಡಬೇಕು. ನಾವು ಹೇಳಬಹುದಾಗಿದ್ದದ್ದು ಹೆಚ್ಚುಕಡಿಮೆ ಇಷ್ಟೇ. ಜನ ಕೇಳುತ್ತಿದ್ದದ್ದು ಔಷಧಿ.

ದಂಡಿನಶಿವರದ ಮರುಳಪ್ಪನವರ ತೋಟದಲ್ಲಿ ಒಂದು ಸಾಲು ಪೂರ್ತಿ ಹೋಗಿತ್ತು. ಅವರಿಗೆ ಆಗ ಐವತ್ತು ದಾಟಿತ್ತು. ಅಳೆದು ತೂಗಿ ಮಾತಾಡುವ ಮನುಷ್ಯ. ಆ ವರ್ಷ ಬೆಳೆಗಾರರ ತಂಡವೊಂದನ್ನು ಲಕ್ಷದ್ವೀಪದ ತೆಂಗು ನೋಡಲು ಅಧ್ಯಯನ ಪ್ರವಾಸಕ್ಕೆ ಕಳಿಸುವುದೆಂದಾಗ ಮೊದಲು ಹೆಸರು ಕೊಟ್ಟವರು ಅವರೇ. ಕಡಲ ನಡುವಿನ ಆ ತೆಂಗಿಗೆ ನಮ್ಮ ರೋಗ ಹತ್ತುವುದಿಲ್ಲ, ಅಲ್ಲಿಂದ ಬೀಜದ ಕಾಯಿ ತಂದರೆ ತೋಟ ಮತ್ತೆ ಕಟ್ಟಬಹುದು ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಶೆಟ್ಟಿಕೆರೆಯ ಗಂಗಮ್ಮ ಕೂಡ ಹೊರಟರು. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನಿಭಾಯಿಸುತ್ತಿದ್ದ ಗಟ್ಟಿ ಹೆಂಗಸು. ತಿಪಟೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಖಾದರ್ ಸಾಬರು ಬೆಳೆಗಾರರೇ ಅಲ್ಲ. ಆದರೆ ಅವರ ಕೈ ತಾಗದ ಪಂಪು ಆ ತಂಡದಲ್ಲಿ ಯಾರ ತೋಟದಲ್ಲೂ ಇರಲಿಲ್ಲ. ಅವರನ್ನೂ ಕರೆದುಕೊಂಡು ಹೋಗಲೇಬೇಕೆಂದು ಎಲ್ಲರೂ ಹಟ ಹಿಡಿದರು. ತಂಡದ ಜವಾಬ್ದಾರಿ ನನ್ನದು.

ಹಾಸನದ ಮೇಲೆ ಘಟ್ಟ ಇಳಿದು ಮಂಗಳೂರು ಸೇರಿ ಅಲ್ಲಿಂದ ಹಡಗು ಹತ್ತಿದೆವು. ಸಣ್ಣ ಹಡಗು. ರಾತ್ರಿ ಪ್ರಯಾಣ ಮಾಡಿ ಹಗಲು ಒಂದೊಂದು ದ್ವೀಪದ ಹತ್ತಿರ ಲಂಗರು ಹಾಕುವುದು, ಜನರನ್ನು ದೋಣಿಗಳಲ್ಲಿ ದಡಕ್ಕಿಳಿಸಿ ಸಂಜೆ ವಾಪಸ್ ಹತ್ತಿಸಿಕೊಳ್ಳುವುದು ಅದರ ಕ್ರಮ. ಕಡಲಿನ ಪ್ರಾಣಿಗಳನ್ನು ತೋರಿಸಿ ವಿವರಿಸಲು ಥಾಮಸ್ ಎಂಬ ಜೀವಶಾಸ್ತ್ರಜ್ಞ ಹಡಗಿನಲ್ಲಿದ್ದರು. ಮಂಗಳೂರಿನಲ್ಲಿ ಓದಿದವರಾದ್ದರಿಂದ ಕನ್ನಡ ಬರುತ್ತಿತ್ತು.

ಮೊದಲ ರಾತ್ರಿ ನಮ್ಮವರಲ್ಲಿ ಮುಕ್ಕಾಲು ಪಾಲು ವಾಂತಿ ಮಾಡಿಕೊಂಡು ಮಲಗಿದರು. ಬೆಳಿಗ್ಗೆ ಹಡಗಿನ ಮೂತಿಯ ಮುಂದೆ ಡಾಲ್ಫಿನ್‌ಗಳು ನೆಗೆಯತೊಡಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಕಂಬಿ ಹಿಡಿದು ನಿಂತರು. ಮೊದಲ ದ್ವೀಪದಲ್ಲಿ ಥಾಮಸ್ ಎಲ್ಲರನ್ನೂ ಲಗೂನ್‌ಗೆ ಇಳಿಸಿದರು. ಲಗೂನ್ ಅಂದರೆ ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವೆ ಇರುವ ಆಳವಿಲ್ಲದ ತಿಳಿನೀರು. ಕನ್ನಡಿಯ ಮುಖವಾಡ ಹಾಕಿಕೊಂಡು, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡು ತಲೆ ಮುಳುಗಿಸಿದರೆ ತಳವೆಲ್ಲ ಕಾಣುತ್ತದೆ. ಗಂಡಸರು ಹಿಂದೆಮುಂದೆ ನೋಡುತ್ತಿದ್ದಾಗ ಗಂಗಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಲೆ ಮುಳುಗಿಸಿಯೇ ಬಿಟ್ಟರು. ಬಹಳ ಹೊತ್ತಿನ ಮೇಲೆ ಎದ್ದು, "ಅಯ್ಯೋ, ಕೆಳಗೆ ಒಂದು ಊರೇ ಐತೆ ಕಣ್ರೀ! ಸಂತೆ ನೆರೆದಂಗೆ ಮೀನು ಓಡಾಡ್ತವೆ" ಎಂದರು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ.

ಮರುಳಪ್ಪನವರು ಮಾತ್ರ ನೀರಿಗಿಳಿಯಲಿಲ್ಲ. ಮರದಿಂದ ಮರಕ್ಕೆ ಹೋಗಿ ಬುಡ ನೋಡುತ್ತಿದ್ದರು. ಎಲ್ಲೂ ರಸ ಸೋರಿರಲಿಲ್ಲ, ಅಣಬೆ ಇರಲಿಲ್ಲ. ದ್ವೀಪದ ಕೃಷಿ ಸಿಬ್ಬಂದಿಯೊಬ್ಬರು ನಮಗೆ ಎಲ್ಲ ವಿವರಿಸಿದರು. ಅಲ್ಲಿಯದು ಹವಳದ ಪುಡಿಯ ಮರಳು, ನಮ್ಮ ನೆಲವೇ ಬೇರೆ. ಅವರ ಕಾಯಿ ನಮ್ಮಲ್ಲಿ ನೆಟ್ಟರೆ ಅದಕ್ಕೂ ರೋಗ ಬರುವುದಿಲ್ಲ ಎಂದು ಹೇಳಲು ಯಾವ ಆಧಾರವೂ ಇಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮರುಳಪ್ಪನವರು ಮರದ ಮೇಲಿಟ್ಟಿದ್ದ ಕೈಯನ್ನು ನಿಧಾನವಾಗಿ ತೆಗೆದು, "ಸರಿ ಬುಡಿ ಮೇಡಂ" ಎಂದಷ್ಟೇ ಹೇಳಿದರು. ಆ ರಾತ್ರಿ ಊಟಕ್ಕೆ ಬರಲಿಲ್ಲ.

ಮಾರನೆಯ ದಿನದ ದ್ವೀಪದಲ್ಲಿ ಜನವಸತಿ ಇರಲಿಲ್ಲ. ಒಂದಷ್ಟು ತೆಂಗು, ಪೊದೆ, ಕಡಲ ಹಕ್ಕಿಗಳು, ಮೊಟ್ಟೆಯಿಡಲು ಬಂದುಹೋದ ಆಮೆಗಳ ಹೆಜ್ಜೆಯ ಗುರುತು. ಥಾಮಸ್ ಆ ಗುರುತುಗಳನ್ನು ತೋರಿಸುತ್ತಾ ದ್ವೀಪದ ಇನ್ನೊಂದು ತುದಿಗೆ ಕರೆದೊಯ್ದಾಗ, ನೀರಿನಂಚಿಗಿಂತ ಸ್ವಲ್ಪ ಮೇಲೆ ಕಪ್ಪಗೆ ಏನೋ ಬಿದ್ದಿರುವುದು ಕಂಡಿತು. ಮಗುಚಿದ ದೋಣಿ ಇರಬೇಕೆಂದುಕೊಂಡೆವು. ಹತ್ತಿರವಾದಂತೆ ಅದರಿಂದ ಪಂಪಿಗೆ ಗಾಳಿ ಹಿಡಿದಂಥ ದೊಡ್ಡ ಸದ್ದೊಂದು ಬಂತು.

ಅದು ಉಸಿರು.

"ಪೈಲಟ್ ತಿಮಿಂಗಿಲ, ಹೆಣ್ಣು" ಎಂದರು ಥಾಮಸ್. ಎತ್ತಿನ ಗಾಡಿಗಿಂತ ಉದ್ದ, ಗುಂಡು ತಲೆ, ಬಿಸಿಲಿಗೆ ಬೆನ್ನಿನ ಚರ್ಮ ಆಗಲೇ ಬಿರಿಯತೊಡಗಿತ್ತು. ತಿಮಿಂಗಿಲ ಮೀನಲ್ಲ, ನಮ್ಮ ಹಾಗೆ ಗಾಳಿ ಉಸಿರಾಡುವ, ಮರಿಗೆ ಹಾಲೂಡಿಸುವ ಪ್ರಾಣಿ ಎಂದು ಅವರು ವಿವರಿಸಿದರು. ನೀರಿಲ್ಲದೆ ಸಾಯುವುದಲ್ಲ, ತನ್ನ ಭಾರಕ್ಕೆ ತಾನೇ ಜಜ್ಜಿಹೋಗುತ್ತದೆ, ಮೈ ಕಾದು ಬೇಯುತ್ತದೆ. ಭರತ ಏರಿದಾಗ, ಅಂದರೆ ಕಡಲ ನೀರು ಉಕ್ಕಿ ಮೇಲೆ ಬಂದಾಗ, ತೇಲಿಸಲು ನೋಡಬಹುದು. ಅದಕ್ಕೆ ಮಧ್ಯಾಹ್ನ ಕಳೆಯಬೇಕು. ನನ್ನನ್ನು ಪಕ್ಕಕ್ಕೆ ಕರೆದು, "ಹೀಗೆ ಒಂಟಿಯಾಗಿ ದಡಕ್ಕೆ ಬಂದದ್ದು ಬದುಕುವುದು ತೀರಾ ಅಪರೂಪ. ಒಳಗೆ ಏನೋ ಕಾಯಿಲೆ ಇರುತ್ತದೆ. ನಿಮ್ಮವರಿಗೆ ಆಸೆ ಹುಟ್ಟಿಸಬೇಡಿ" ಎಂದರು.

ನಾನು ಅದನ್ನೂ ಹಾಗೇ ನಮ್ಮವರಿಗೆ ಹೇಳಿದೆ. ಮರುಳಪ್ಪನವರು ಥಾಮಸ್‌ರನ್ನೇ ನೇರವಾಗಿ ಕೇಳಿದರು. "ನೀರು ಬರಾಗಂಟ ಏನ್ ಮಾಡಬೇಕು, ಅದನ್ನ ಹೇಳಿ."

ಮೈ ಒದ್ದೆಯಾಗಿರಬೇಕು, ನೆರಳು ಬೇಕು, ನೆತ್ತಿಯ ಮೇಲಿನ ಉಸಿರಿನ ತೂತಿಗೆ ನೀರಾಗಲಿ ಮರಳಾಗಲಿ ಹೋಗಬಾರದು, ಬಾಲ ಹಿಡಿದು ಎಳೆಯಬಾರದು ಎಂದರು ಥಾಮಸ್. ಹೇಳಿದ ಮೇಲೆ ಕೆಲಸ ತಾನೇ ನಡೆಯಿತು. ಪಂಚೆಗಳು, ಟವೆಲ್ಲುಗಳು, ಗಂಗಮ್ಮನವರ ಚೀಲದಲ್ಲಿದ್ದ ಇನ್ನೊಂದು ಸೀರೆ ಎಲ್ಲವೂ ನೀರಲ್ಲಿ ಅದ್ದಿ ಆ ಕಪ್ಪು ಬೆನ್ನಿನ ಮೇಲೆ ಹರಡಿದವು. ಬಿದ್ದ ಗರಿಗಳನ್ನು ತಂದು ಚಪ್ಪರ ಹಾಕಿದರು. ತೆಂಗಿನ ಗರಿಯಲ್ಲಿ ಚಪ್ಪರ ಹಾಕುವುದನ್ನು ನಮ್ಮವರಿಗೆ ಯಾರು ಕಲಿಸಬೇಕು? ಹಡಗಿನಿಂದ ಬಕೀಟು, ಸಲಿಕೆ, ಟಾರ್ಪಾಲು ತರಿಸಿದೆವು. ಟಾರ್ಪಾಲನ್ನು ಅದರ ಹೊಟ್ಟೆಯಡಿ ತೂರಿಸಿದರೆ ಜೋಲಿಯ ಹಾಗೆ ಎತ್ತಬಹುದೆಂದು ಖಾದರ್ ಸಾಬರು ಹೇಳಿದಾಗ ಥಾಮಸ್ ಒಪ್ಪಿದರು. ಅದಕ್ಕಾಗಿ ಎರಡೂ ಕಡೆ ಮರಳು ತೋಡಿದರು, ನೀರಿನವರೆಗೆ ಕಾಲುವೆಯನ್ನೂ ತೆಗೆದರು.

ಮಧ್ಯಾಹ್ನದ ಬಿಸಿಲಿನಲ್ಲಿ ಬಕೀಟುಗಳು ಕೈಯಿಂದ ಕೈಗೆ ಓಡಾಡಿದವು. ನಾನೂ ಬಹಳ ಹೊತ್ತು ನೀರು ಹೊತ್ತು, ಆಮೇಲೆ ಗಂಗಮ್ಮನವರ ಪಕ್ಕ ತಲೆಯ ಹತ್ತಿರ ಕುಳಿತೆ. ಅದರ ಕಣ್ಣು ಸಣ್ಣದು, ಅಂಚಿನಲ್ಲಿ ಅಂಟಾದ ನೀರು ಇಳಿಯುತ್ತಿತ್ತು. ಪಕ್ಕದಲ್ಲಿ ಯಾರಾದರೂ ಅಲುಗಾಡಿದರೆ ಆ ಕಡೆ ಹೊರಳುತ್ತಿತ್ತು. "ನೋಡ್ತೈತೆ ಕಣ್ರೀ ನಮ್ಮನ್ನ" ಎಂದರು ಗಂಗಮ್ಮ. "ಹೆದ್ರಬ್ಯಾಡ ಕಣವ್ವ, ಇನ್ನೊಂದು ಗಳಿಗೆ ತಡಕೋ." ತವರಿಗೆ ಹೆರಿಗೆಗೆ ಬಂದ ಮಗಳೊಡನೆ ಮಾತಾಡುವ ಹಾಗೆ ಅವರು ಅದರೊಡನೆ ಮಾತಾಡುತ್ತಲೇ ಇದ್ದರು.

ನೀರು ಏರಿತು. ಕಾಲುವೆಯಲ್ಲಿ ತುಂಬಿ ಹೊಟ್ಟೆಯಡಿಗೆ ಬಂತು. ಎಲ್ಲರೂ ಸೊಂಟಮಟ್ಟ ನೀರಿನಲ್ಲಿ ಟಾರ್ಪಾಲಿನ ಅಂಚು ಹಿಡಿದು ನಿಂತೆವು. ಅಲೆ ಬಂದಾಗಲೆಲ್ಲ ಖಾದರ್ ಸಾಬರು "ಹೂಂ, ಎತ್ರೀ!" ಎನ್ನುತ್ತಿದ್ದರು. ಬಹಳ ಸಲ ಏನೂ ಆಗಲಿಲ್ಲ. ಆಮೇಲೆ ಒಂದು ಅಲೆಗೆ ಆ ಭಾರ ನಮ್ಮ ಕೈಯಿಂದ ಹಗುರಾಗಿ ಬಿಡಿಸಿಕೊಂಡಿತು. ಬಾಲ ಒಮ್ಮೆ ಬೀಸಿತು. ತಿಮಿಂಗಿಲ ಲಗೂನ್‌ನ ಹಸಿರು ನೀರಿನಲ್ಲಿ ದಿಬ್ಬದ ಕಡೆಗೆ ಹೊರಟಿತು.

ಆಗ ಎಲ್ಲರೂ ಒಟ್ಟಿಗೆ ಹಾಕಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ವಯಸ್ಸಾದ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮರುಳಪ್ಪನವರು ನೀರಿನಲ್ಲಿ ನಿಂತೇ ನನ್ನ ಕಡೆ ತಿರುಗಿ, "ಹೋಯ್ತಲ್ಲ ಮೇಡಂ! ಹೋಯ್ತಲ್ಲ!" ಎಂದರು. ಆ ಪ್ರವಾಸದಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಥಾಮಸ್ ನಗಲಿಲ್ಲ. ಅವರು ಆ ಕಪ್ಪು ಬೆನ್ನನ್ನೇ ನೋಡುತ್ತಿದ್ದರು. ಅದು ದಿಬ್ಬದಲ್ಲಿ ಕಡಲಿಗೆ ತೆರೆದಿದ್ದ ಬಾಯಿಯವರೆಗೂ ಹೋಗಲಿಲ್ಲ. ಒಂದು ಕಡೆಗೆ ವಾಲಿಕೊಂಡು, ದೊಡ್ಡದಾಗಿ ಸುತ್ತು ಹಾಕಿ, ಸೀದಾ ನಮ್ಮ ಕಡೆಗೇ ಬಂತು. ನಾವು ನೀರು ಬಡಿದೆವು, ಕೂಗಿದೆವು. ನಮ್ಮ ನಡುವೆಯೇ ಹಾದು ಹೋಗಿ ಮರಳಿನ ಮೇಲೆ ಏರಿ ನಿಂತಿತು.

ಮತ್ತೊಮ್ಮೆ ತಳ್ಳಿದೆವು, ಮತ್ತೆ ಬಂತು. ಮೂರನೆಯ ಸಲ ತಳ್ಳುವಷ್ಟರಲ್ಲಿ ನೀರು ಇಳಿಯತೊಡಗಿತ್ತು. ಅದರ ಬಾಯಿಂದ ರಕ್ತ ಒಸರುತ್ತಿತ್ತು. "ಸಾಕು" ಎಂದರು ಥಾಮಸ್. "ಅದಕ್ಕೆ ಹೋಗುವ ಶಕ್ತಿ ಇಲ್ಲ. ಇನ್ನು ತಳ್ಳಿದರೆ ಹಿಂಸೆ."

ಸೂಜಿಯೋ ಔಷಧಿಯೋ ಇಲ್ಲವೇ ಎಂದು ಖಾದರ್ ಸಾಬರು ಕೇಳಿದರು. ಇಷ್ಟು ದೊಡ್ಡ ಪ್ರಾಣಿಗೆ ಕೊಡುವಂಥದ್ದು ಹಡಗಿನಲ್ಲಿ ಏನೂ ಇರಲಿಲ್ಲ, ಬದುಕಿಸಲೂ ಇಲ್ಲ, ಬೇಗ ಸಾಯಿಸಲೂ ಇಲ್ಲ.

ಕತ್ತಲಾದರೆ ಹವಳದ ದಿಬ್ಬದ ನಡುವೆ ದೋಣಿ ನಡೆಸುವುದು ಅಪಾಯ. ಹಡಗು ಸಿಳ್ಳೆ ಹಾಕಿತು. ಜನರನ್ನು ಎಬ್ಬಿಸಬೇಕಾದವಳು ನಾನು. ಒಬ್ಬರೂ ಕದಲಲಿಲ್ಲ. ಮರುಳಪ್ಪನವರು ಮರಳಿನ ಮೇಲೆ ಕೂತು ಬಕೀಟಿನಿಂದ ನೀರು ಚೆಲ್ಲುತ್ತಲೇ ಇದ್ದರು.

"ಉಳಿಯಾಕಿಲ್ಲ ಅಂತ ನಿಮಗೆ ಬೆಳಗ್ಗೆನೇ ಗೊತ್ತಿತ್ತಲ್ಲ ಮೇಡಂ?" ಎಂದರು.

"ಗೊತ್ತಿತ್ತು ಮರುಳಪ್ಪನೋರೆ. ಹೇಳಿದ್ದೆನಲ್ಲ."

"ಹೇಳಿದ್ರಿ. ಹೇಳಿ ನೀವೂ ನಮ್ ಜತೆ ನೀರು ಹೊತ್ರಿ. ಯಾಕೆ?"

"ಬಿಟ್ಟು ಕೂರೋಕೆ ಆಗಲಿಲ್ಲ" ಎಂದೆ. ಅವರು ತಲೆಯಾಡಿಸಿ ಬಕೀಟು ಕೆಳಗಿಟ್ಟರು. ಒಪ್ಪಿಗೆಯೋ ಬೇಸರವೋ ತಿಳಿಯಲಿಲ್ಲ.

ಗಂಗಮ್ಮನವರನ್ನು ಎಬ್ಬಿಸುವುದು ಇನ್ನೂ ಕಷ್ಟವಾಯಿತು. "ಜೀವ ಇರೋದನ್ನ ಬುಟ್ಟು ಹೆಂಗೆ ಬರಲಿ? ಸತ್ತ ಮ್ಯಾಲೆ ಬತ್ತೀನಿ, ನೀವು ನಡೀರಿ" ಎಂದು ಕೂತುಬಿಟ್ಟರು. ಖಾದರ್ ಸಾಬರು ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಅಕ್ಕಾ, ದೋಣಿ ನಡೆಸೋ ಹುಡುಗರಿಗೂ ಮನೆಮಠ ಐತೆ. ಬನ್ನಿ" ಎಂದಾಗ ಎದ್ದರು. ಒದ್ದೆ ಸೀರೆಯನ್ನು ಅದರ ಬೆನ್ನಿನ ಮೇಲೆಯೇ ಬಿಟ್ಟರು. ದೋಣಿ ದಡ ಬಿಟ್ಟಾಗಲೂ ಆ ಉಸಿರಿನ ಸದ್ದು ಕೇಳುತ್ತಿತ್ತು. ಒಂದಾದ ಮೇಲೆ ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನಾವೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಆಮೇಲೆ ದಿಬ್ಬದ ಅಲೆಯ ಸದ್ದು ಅದನ್ನು ಮುಚ್ಚಿಹಾಕಿತು.

ಹಿಂತಿರುಗುವ ದಾರಿಯಲ್ಲಿ ಹಡಗು ಆ ದ್ವೀಪದ ಹತ್ತಿರ ನಿಂತಿತು. ಥಾಮಸ್ ಒಬ್ಬರೇ ದೋಣಿಯಲ್ಲಿ ಹೋಗಿಬಂದರು. "ಮುಗಿದಿದೆ. ಹಕ್ಕಿಗಳು ಬಂದಿವೆ" ಎಂದರು. ಯಾಕೆ ಸತ್ತಿತು, ಒಳಗೆ ಏನಾಗಿತ್ತು ಎಂದು ಕೇಳಿದೆ. ತಮಗೆ ತಿಳಿಯದು, ಬಹುಶಃ ಯಾರಿಗೂ ತಿಳಿಯದು ಎಂದರು. ಅವರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ ರೀತಿ ನನ್ನ ಮನಸ್ಸಿನಲ್ಲಿ ಉಳಿಯಿತು.

ಮುಂದಿನ ಎರಡು ಮೂರು ವರ್ಷಗಳಲ್ಲಿ ಮರುಳಪ್ಪನವರ ತೋಟ ಸಾಲುಸಾಲಾಗಿ ಹೋಯಿತು. ಹೇಳಿದ ಕಡೆಯೆಲ್ಲ ಕಂದಕ ತೋಡಿಸಿದರು, ಗೊಬ್ಬರ ಹಾಕಿದರು, ರೋಗದ ಮರ ಸುಟ್ಟರು. ನಾವು ಗೊತ್ತಿದ್ದದ್ದನ್ನೆಲ್ಲ ಮಾಡಿದೆವು. ರೋಗ ಕಂದಕ ದಾಟಿತು. ಕಡೆಯ ಮರಗಳನ್ನು ಕಡಿಸುವ ದಿನ ಅವರು ಕಚೇರಿಗೆ ಆಳು ಕಳಿಸಿ, "ಮೇಡಂ ಬಿಡುವಾಗಿದ್ರೆ ಬಂದೋಗಲಿ" ಎಂದು ಹೇಳಿಸಿದ್ದರು. ಅಲ್ಲಿ ನನಗೆ ಕೊಡಲು ಯಾವ ಸಲಹೆಯೂ ಉಳಿದಿರಲಿಲ್ಲ. ಆದರೂ ಹೋದೆ. ಮರ ಉರುಳುವುದನ್ನು ಇಬ್ಬರೂ ನೋಡಿದೆವು. ಮಧ್ಯೆ ಅವರ ಹೆಂಡತಿ ಕಾಫಿ ತಂದುಕೊಟ್ಟರು. ಸಂಜೆ ಬಸ್ಸಿಗೆ ಬಿಡಲು ಬಂದ ಮರುಳಪ್ಪನವರು, ಇನ್ನು ಆ ಹೊಲಕ್ಕೆ ರಾಗಿ ಚೆಲ್ಲುವುದಾಗಿ ಹೇಳಿದರು. ಮತ್ತೆ ಅವರು ತೆಂಗು ನೆಡಲಿಲ್ಲ.

ನಿವೃತ್ತಿಯವರೆಗೂ ನಾನು ಹೀಗೆ ಎಷ್ಟೋ ತೋಟಗಳಿಗೆ ಹೋದೆ. ಇಲ್ಲದ ಔಷಧಿಯನ್ನು ಇದೆ ಎನ್ನಬಾರದು, ಇಲ್ಲವೆಂದು ಹೇಳಿದ ಮೇಲೆ ಎದ್ದು ಬಂದುಬಿಡಲೂಬಾರದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಅದರಿಂದ ಒಂದು ಮರವೂ ಉಳಿಯಲಿಲ್ಲ. ಆ ತೋಟಗಳವರಿಗೆ ಸಮಾಧಾನವಾಯಿತು ಎಂದೂ ನಾನು ಹೇಳಲಾರೆ. ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.