ಅಮಾವಾಸ್ಯೆಯ ದಿನ ನೇಯ್ದ ಸೆರಗು

ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ, ಸಂಕ್ರಮಣ ಕಳೆದು ಬಂದ ಗುರುವಾರ, ಅಮಾವಾಸ್ಯೆ. ಬೆಳಗಿನ ಆರು ಗಂಟೆ. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿದ್ದವರು ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಅಪ್ಪ, ಅವ್ವ, ಹದಿಮೂರು ವರ್ಷದ ನಾನು, ಮತ್ತು ಹೊಸ್ತಿಲಿನಾಚೆ ಚಪ್ಪಲಿ ಕಳಚಿ ನಿಂತಿದ್ದ ಖಾನ್ ಕಾಕಾ. ಅವರು ಒಳಗೆ ಬರುವ ಮೊದಲೇ ಅವರ ವಾಸನೆ ಬಂದಿತ್ತು. ಹಸಿ ಇಂಗಿನ ವಾಸನೆ. ಈಗಿನ ಡಬ್ಬಿಯಲ್ಲಿ ಬರುವ ಪುಡಿಯದಲ್ಲ; ತೊಗಲಿನ ಚೀಲದೊಳಗೆ ಅಂಟಂಟಾಗಿ ಮುದ್ದೆಗಟ್ಟಿ ಕೂತು, ಚೀಲದ ಬಾಯಿ ಬಿಚ್ಚಿದರೆ ಕಣ್ಣಲ್ಲಿ ನೀರು ತರಿಸುವಂಥದು. ಇವತ್ತಿಗೂ ಯಾರ ಮನೆಯಲ್ಲಾದರೂ ಇಂಗಿನ ಒಗ್ಗರಣೆ ಬಿದ್ದರೆ ನಾನು ಮೊದಲು ನೋಡುವುದು ಬಾಗಿಲ ಕಡೆ. ನಿಮಗೂ ಇಂಥ ಒಂದು ವಾಸನೆ ಇದ್ದೀತು, ಈಗ ಇಲ್ಲದ ಒಂದು ಬಾಗಿಲೂ ಇದ್ದೀತು.

ನಮ್ಮದು ಕುಣಿಮಗ್ಗದ ಮನೆ. ಪಡಸಾಲೆಯ ಬಲಕ್ಕೆ ನೆಲದಲ್ಲಿ ತೋಡಿದ ಕುಣಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಅಪ್ಪ, ಅವನೆದುರು ಗೋಡೆಯ ಗೂಟದವರೆಗೆ ಎಳೆದು ಕಟ್ಟಿದ ಉದ್ದ ಎಳೆಗಳ ಹಾಸು. ಆ ಮನೆ ನಡೆಯುತ್ತಿದ್ದುದು ಆಯಿಯ ಶಿಸ್ತಿನಲ್ಲಿ. ಬೆಳಕು ಹರಿಯುವ ಮೊದಲು ಅಂಗಳಕ್ಕೆ ನೀರು, ಆಮೇಲೆ ಮೈಗೆ ನೀರು, ಲಿಂಗಪೂಜೆ, ಒಲೆ, ಮಗ್ಗ. ಈ ಕ್ರಮ ಹಿಂದುಮುಂದಾಗುವಂತಿಲ್ಲ. ಪೂಜೆಯಾಗದೆ ಲಾಳಿ ಮುಟ್ಟುವಂತಿಲ್ಲ, ಕೈ ತೊಳೆಯದೆ ರೇಷ್ಮೆ ಮುಟ್ಟುವಂತಿಲ್ಲ, ಅಮಾವಾಸ್ಯೆಯ ದಿನ ಮಗ್ಗವನ್ನೇ ಮುಟ್ಟುವಂತಿಲ್ಲ. ಆ ದಿನ ಇಡೀ ಓಣಿಯ ಮಗ್ಗಗಳು ಸುಮ್ಮನಾಗಿ, ಉಳಿದ ದಿನ ಕೇಳದ ಗುಬ್ಬಿಗಳ ಸದ್ದು ಕೇಳುತ್ತಿತ್ತು. ನಾನು ಮುಂದೆ ಬಾಗಲಕೋಟೆಯ ಶಾಲೆಯೊಂದರಲ್ಲಿ ನಿವೃತ್ತಿಯಾಗುವವರೆಗೆ ಭೂಗೋಳ ಕಲಿಸಿದೆ. ಗಂಟೆ ಹೊಡೆಯುವ ಮೊದಲೇ ತರಗತಿಯ ಬಾಗಿಲಲ್ಲಿ ನಿಲ್ಲುವ ಅಭ್ಯಾಸ ನನಗೆ ಬಂದದ್ದು ಆ ಪಡಸಾಲೆಯಿಂದ.

ಖಾನ್ ಕಾಕಾ ಅಫಘಾನಿಸ್ತಾನದ ಹೆಲ್ಮಂದ್ ಎಂಬ ನದಿಯ ನಾಡಿನವರು, ಪಠಾಣರು. ದೀಪಾವಳಿ ಮುಗಿಯುತ್ತಿದ್ದಂತೆ ರೈಲಿಳಿದು ಬಾಗಲಕೋಟೆ, ಬಾದಾಮಿ, ಹುನಗುಂದ ಸುತ್ತಿ ಇಳಕಲ್ಲಿಗೆ ಬಂದು ಮಸೀದಿಯ ಹಿಂದೊಂದು ಖೋಲಿ ಹಿಡಿಯುತ್ತಿದ್ದರು. ಬಿಸಿಲು ಬಲಿಯುವ ಹೊತ್ತಿಗೆ ಊರಿಗೆ ಹೊರಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ನಮ್ಮ ಮಾತು ಅವರಿಗೆ ಚೆನ್ನಾಗಿ ಬಂದಿತ್ತು. ಆಯಿ ಅವರನ್ನು ಖಾನಪ್ಪ ಎನ್ನುತ್ತಿದ್ದಳು. ಅವರು ಕೊಟ್ಟ ಇಂಗನ್ನು ನೀರಿನಲ್ಲಿ ಕದಡಿ, ಹಾಲಿನಂತೆ ಬೆಳ್ಳಗಾದ ಮೇಲೆಯೇ ಕೊಳ್ಳುತ್ತಿದ್ದಳು.

ಆದರೆ ಆಯಿಯ ಖರೆ ವ್ಯವಹಾರ ಇದ್ದದ್ದು ಖಾನ್ ಕಾಕಾನ ತಾಯಿಯ ಜೊತೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಂದು ವರ್ಷ ಆ ತಾಯಿ ಒಣಗಿಸಿದ ತೂತಿಹಣ್ಣು, ಎಂದರೆ ಹಿಪ್ಪುನೇರಳೆ, ಕಳಿಸಿದಳು. ಆಯಿ ಒಂದನ್ನು ಬಾಯಿಗೆ ಹಾಕಿಕೊಂಡು, "ಚೊಲೋ ಅದಾವು. ಉಸುಕು ತೊಳದು ಒಣಗ್ಸು ಅಂತ ಹೇಳು ಆ ಮುದುಕಿಗೆ" ಎಂದಳು. ಬದಲಿಗೆ ಅಮೀನಗಡದ ಗಟ್ಟಿ ಕರದಂಟು ಕಟ್ಟಿಕೊಟ್ಟಳು. ಮರುವರ್ಷ ಉತ್ತರ ಬಂತು. "ನಮ್ಮವ್ವ ಹೇಳ್ಯಾಳ ಆಯಿ, ಹಲ್ಲಿದ್ದಾರಿಗೆ ಮಾಡಿದ್ದನ್ನ ಹಲ್ಲಿಲ್ಲದಾಕಿಗೆ ಯಾಕ ಕಳಿಸಿದಿ ಅಂತ." ಆಯಿ ಆ ದಿನ ನಕ್ಕಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಇನ್ನೊಂದು ಸಲ ಕಾಕಾ ತಮ್ಮ ಹೊಲದಲ್ಲಿ ಹತ್ತಿ ಬೆಳೆದಿದ್ದೇವೆ ಎಂದರು. ಆಯಿ ನಂಬಲಿಲ್ಲ. "ಉಸುಕಿನ್ಯಾಗ ಹತ್ತಿ? ಯಾರ ಮುಂದ ಹೇಳಾಕತ್ತಿ? ನಿಮ್ಮವ್ವನ ಕಡಿಂದ ನೂಲು ತೆಗಿಸಿಕೊಂಡು ಬಾ. ಖರೆ ಆತಂದ್ರ ನಮ್ಮ ಮಗ್ಗದಾಗ ಸೆರಗು ನೇಯ್ಸಿ ಆಕಿಗೇ ಕಳಸ್ತೇನಿ." ಕಾಕಾ ತಂದೇಬಿಟ್ಟರು. ತಾಯಿ ಕೈಯಾರೆ ನೂತು, ಯಾವುದೋ ಬೇರಿನಿಂದ ಕೆಂಪು ಬಣ್ಣ ಕಟ್ಟಿದ್ದ ನೂಲಿನ ದಪ್ಪ ಲಡಿ. ಮಗ್ಗ ತೆರವಾದ ಮೇಲೆ, ಶಿವರಾತ್ರಿಯ ಹೊತ್ತಿಗೆ ನೇಯುವುದೆಂದು ಗೊತ್ತಾಗಿತ್ತು. ಲಡಿ ಗೋಡೆಯೆತ್ತರದ ನಾಗೊಂದಿಗೆ ಹಲಗೆಯ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಆ ಗುರುವಾರ ಕಾಕಾ ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು ಹೊರಡುತ್ತೇನೆಂದು ಹೇಳಲು. ಅವರ ನಾಡಿಗೆ ರಶ್ಯಾದ ಸೈನ್ಯ ಇಳಿದ ಸುದ್ದಿ ಕೆಲವು ದಿನಗಳಿಂದ ರೇಡಿಯೋದಲ್ಲಿ ಬರುತ್ತಿತ್ತು. ಹಿಂದಿನ ದಿನ ಸೊಲ್ಲಾಪುರದಿಂದ ಬಂದ ಅವರ ಕಡೆಯವನೊಬ್ಬ ಮನೆಯ ಸುದ್ದಿ ತಂದಿದ್ದ. ಅಣ್ಣನನ್ನು ಸರಕಾರದವರು ಹಿಡಿದುಕೊಂಡು ಹೋಗಿದ್ದಾರೆ. ಮನೆಯಲ್ಲಿ ತಾಯಿ ಒಬ್ಬಳೇ.

"ಸಂಜಿ ಬಸ್ಸಿಗೆ ಬಾಗಲಕೋಟಿಗೆ ಹೋಗ್ತೇನಿ, ಅಲ್ಲಿಂದ ರೈಲು" ಎಂದರು. "ಅವ್ವನ್ನ ಗಡಿ ದಾಟಿಸಿ ಈಚೆ ತರಬೇಕು. ದಾರಿ ಇನ್ನ ಎಷ್ಟ ದಿನಾ ತೆರದಿರತೈತೋ. ಆ ನೂಲು ನಿಮ್ಮ ಕಡೇನ ಇರ್ಲಿ ಆಯಿ. ಮುಂದಿನ ವರ್ಸ ನೋಡೂಣು."

ಆಯಿ ಸ್ವಲ್ಪ ಹೊತ್ತು ಮಗ್ಗದ ಕಡೆ ನೋಡಿದಳು. ಮಗ್ಗದ ಮೇಲಿದ್ದದ್ದು ಅವಳದೇ ಸೀರೆ. ಮಾರುವ ಸೀರೆಗಳ ನಡುವೆ ಬಿಡುವು ಮಾಡಿಕೊಂಡು ಅಪ್ಪ ತಾಯಿಗಾಗಿ ನೇಯುತ್ತಿದ್ದ ಒಂಬತ್ತು ವಾರಿಯ ಕಪ್ಪು ಸೀರೆ. ಒಡಲು ಮುಗಿಯುತ್ತ ಬಂದಿತ್ತು. ಕೆಂಪು ಸೆರಗು ಜೋಡಿಸುವುದು ಬಾಕಿ.

"ಮುಂದಿನ ವರ್ಸದ್ದು ಮುಂದಿನ ವರ್ಸ. ಈರಪ್ಪ, ಏಳು" ಎಂದಳು ಅಪ್ಪನಿಗೆ. "ನನ್ನ ಸೀರಿಗೆ ಆಕಿ ನೂಲಿನ ಸೆರಗ ಜೋಡ್ಸು. ಸೆರಗ ಹಿಡದು ಮೂರು ವಾರಿ ಕತ್ತರಿಸಿ ಕೊಡೂಣು. ಆಕಿಗೆ ತಲಿ ಮ್ಯಾಲ ಹೊದ್ಯಾಕ ಆಗತೈತಿ. ಉಳದ ಆರು ವಾರಿ ನನಗ ಸಾಕು."

"ಅವ್ವಾ, ಇವತ್ತ ಅಮಾಸಿ."

"ಗೊತ್ತೈತಿ."

"ಕೈ ನೂಲು ತಡಿಯೂದಿಲ್ಲ. ಹಣಿಗಿ ಬಡದ್ರ ಹರೀತೈತಿ. ಮತ್ತ ಸೆರಗಿಲ್ಲದ ಸೀರಿ ಉಡ್ತೀಯೇನು ನೀ?"

"ಉಡಾಕಿ ನಾನು. ನೀ ನೇಯಿ."

ಅಪ್ಪ ಎದ್ದು ಲಡಿಯನ್ನು ಕೆಳಗಿಳಿಸಿದ. ಆಯಿ ಮಗ್ಗದ ಮರಕ್ಕೆ ವಿಭೂತಿ ಹಚ್ಚಿ, ಕೈ ಮುಗಿದು, ಒಲೆಯ ಮೇಲೆ ಜೋಳದ ಗಂಜಿ ಏರಿಸಿದಳು. ನೂಲು ಗಟ್ಟಿಯಾಗಲು ಗಂಜಿ ಕುಡಿಸಿ ಒಣಗಿಸಬೇಕು. ಅಂಗಳದಲ್ಲಿ ಎರಡು ಗೂಟ ನೆಟ್ಟು ಎಳೆಗಳನ್ನು ಹರವಿದೆವು. ಅವ್ವ ಕುಂಚದಿಂದ ಗಂಜಿ ಸವರುತ್ತ ಹೋದಳು, ನಾನು ಅಂಟಿಕೊಂಡ ಎಳೆಗಳನ್ನು ಬಿಡಿಸುತ್ತ ಹಿಂದೆ ಹೋದೆ. ಮಾಗಿಯ ಬಿಸಿಲು ಬೇಗ ಏರುವುದಿಲ್ಲ. ಆಯಿ ನೆರಳನ್ನು ನೋಡುತ್ತಿದ್ದಳು, ನೂಲನ್ನು ಮುಟ್ಟಿ ನೋಡುತ್ತಿದ್ದಳು, ಮತ್ತೆ ನೆರಳನ್ನು ನೋಡುತ್ತಿದ್ದಳು. ಹಸಿ ಗಂಜಿ, ಇಂಗು, ಆ ದೂರದ ಬೇರಿನ ಬಣ್ಣ ಮೂರೂ ಕೂಡಿದ ಆ ಅಂಗಳದ ವಾಸನೆಯನ್ನು ಬರೆದು ತೋರಿಸುವುದು ನನ್ನಿಂದಾಗದು.

ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೂಡಿಸುವುದು ಕೊಂಡಿಯಿಂದ. ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಒಂದೊಂದು ಎಳೆಯ ಕುಣಿಕೆ. ಗಂಟು ಹಾಕುವುದಿಲ್ಲ. ಎರಡೂ ಕಡೆ ಬಿಗಿಯಾಗಿ ಎಳೆದಿದ್ದರೆ ಮಾತ್ರ ಅದು ನಿಲ್ಲುತ್ತದೆ. ನಾವು ಅದಕ್ಕೆ ಕೂತಾಗ ಬಿಸಿಲು ಮಾಳಿಗೆಯ ಬೆಳಕಿಂಡಿಯಿಂದ ನೇರ ಇಳಿಯುತ್ತಿತ್ತು. ಕಾಕಾ ತಾವೂ ಒಂದು ಎಳೆ ಹಿಡಿದರು. ಅವರ ದಪ್ಪ ಬೆರಳಲ್ಲಿ ಅದು ಹರಿಯಿತು.

"ನೀ ಮುಟ್ಟಬ್ಯಾಡ ಖಾನಪ್ಪ" ಎಂದಳು ಆಯಿ. "ಕುಂತು ಮಾತಾಡು. ನಮ್ಮ ಕೈ ಓಡ್ತಾವು. ನಿಮ್ಮ ನದಿ ಸುದ್ದಿ ಹೇಳು."

ನಾನು ಮುಂದೆ ನಕಾಶೆಯಲ್ಲಿ ಕಲಿಸಿದ ಆ ನಾಡನ್ನು ಮೊದಲು ಕಲಿತದ್ದು ಹೀಗೆ, ಕೊಂಡಿ ಹಾಕುತ್ತ, ತಲೆ ಎತ್ತದೆ.

"ಹಿಮದಾಗ ಹುಟ್ಟತೈತಿ ಆಯಿ. ಗುಡ್ಡಾ ಇಳದು ಉಸುಕಿನ ನಾಡಿಗೆ ಬರತೈತಿ. ಎರಡೂ ದಂಡಿಗೆ ಒಂದೀಟು ಹಸರು, ದಾಳಿಂಬ್ರಿ, ಗೋದಿ. ಅದರಾಚಿ ಬರೇ ಉಸುಕು. ಬಾದಾಮಿ ಗುಡ್ಡದ ಬಂಡಿಗಲ್ಲು ಐತಲ್ಲ, ಅದನ್ನ ಪುಡಿ ಮಾಡಿ ಹರವಿದಂಗ ಕೆಂಪಗ. ಬ್ಯಾಸಗ್ಯಾಗ ಗಾಳಿ ಶುರು ಆತಂದ್ರ ತಿಂಗಳಗಟ್ಲೆ ನಿಲ್ಲೂದಿಲ್ಲ. ಕರೀ ಡೇರಿ ಹೊತ್ತು ಅಲಿಯಾವ್ರು ಒಂಟಿ ಹೊಡಕೊಂಡು ಗುಡ್ಡಾ ಸೇರ್ತಾರ."

"ನದಿ ಮುಂದ ಸಮುದ್ರಾ ಸೇರತೈತಿ?"

"ಇಲ್ಲ. ಆಪು ಹುಲ್ಲು ಬೆಳದ ಕೆರಿಯಾಗ ಹರಡಿ ಇಂಗಿ ಹೋಗತೈತಿ."

"ಸಮುದ್ರಾ ಮುಟ್ಟದ್ದು ಎಂಥಾ ನದಿ ಅದು?"

"ಅಷ್ಟರಾಗ ನಾವೆಲ್ಲ ಕುಡದಿರ್ತೇವಲ್ಲ ಆಯಿ."

ಆಯಿಗೆ ಈ ಉತ್ತರ ಹಿಡಿಸಿತು. ಇನ್ನೊಮ್ಮೆ ಹೇಳಿಸಿದಳು.

ಕಾಕಾನ ಬಾಲ್ಯದಲ್ಲಿ ಹೊರದೇಶದವರು ಬಂದು ಗುಡ್ಡದಲ್ಲಿ ಆಣೆಕಟ್ಟು ಕಟ್ಟಿದರಂತೆ, ಉದ್ದುದ್ದ ಕಾಲುವೆ ತೋಡಿದರಂತೆ. ಅಲೆಯುತ್ತಿದ್ದವರಿಗೆ ಹೊಲ ಕೊಟ್ಟು ಕೂರಿಸಿದರಂತೆ. ಹತ್ತಿ ಬಂದದ್ದು ಆಗ. ಕೆಲವು ಹೊಲಗಳು ನೀರು ಕುಡಿದೂ ಕುಡಿದೂ ಬೆಳ್ಳಗೆ ಉಪ್ಪು ಕಾರಿದವು. ಎಷ್ಟೋ ವರ್ಷದ ಮೇಲೆ ನಮ್ಮ ಕಡೆಯ ಕಾಲುವೆಯ ಕೆಳಗಿನ ಎರೆಹೊಲದಲ್ಲಿ ಅದೇ ಉಪ್ಪಿನ ಸವುಳು ಕಂಡಾಗ ನನಗೆ ಪುಸ್ತಕ ನೆನಪಾಗಲಿಲ್ಲ, ಕಾಕಾನ ದನಿ ನೆನಪಾಯಿತು. ಅವರ ನಾಡಿನಲ್ಲಿ ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಪಾಳಿ ಹಂಚಲು ಊರವರೇ ಒಬ್ಬನನ್ನು ಆರಿಸುತ್ತಾರೆ. ಜಗಳ ಬಂದರೆ ಹಿರಿಯರು ದುಂಡಗೆ ಕೂತು ಬಗೆಹರಿಸುತ್ತಾರೆ. ಅರಸ ಇದ್ದಾಗಲೂ ಹಾಗೇ, ಅರಸ ಹೋದ ಮೇಲೂ ಹಾಗೇ ನಡೆದಿತ್ತು. ಆಮೇಲೆ ಬಂದ ಸರಕಾರ ಹಿರಿಯರನ್ನೆಲ್ಲ ವೈರಿಗಳೆಂದು ಎಣಿಸಿತು.

"ನಿಮ್ಮಣ್ಣ ಏನ ಮಾಡಿದ್ದ?" ಅಪ್ಪ ಕೇಳಿದ.

"ನೀರು ಹಂಚತಿದ್ದ" ಎಂದರು ಕಾಕಾ.

ಎಳೆಗಳು ಒಂದರೊಳಗೊಂದು ಸೇರುತ್ತ ಹೋದವು.

ಅಪ್ಪ ಕುಣಿಗಿಳಿದು ಎಳೆ ಒತ್ತುವ ಹಣಿಗೆಯನ್ನು ಮೊದಲ ಸಲ ಬಡಿದಾಗ ಆ ಸದ್ದಿಗೆ ನಾನೇ ಬೆಚ್ಚಿದೆ. ಸುಮ್ಮನಿದ್ದ ಓಣಿಯಲ್ಲಿ ನಮ್ಮದೊಂದೇ ಮಗ್ಗ. ಎದುರು ಮನೆಯ ಶಾಂತವ್ವ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು.

"ಏನ್ರಿ ಆಯಿ, ಎಲ್ಲಾರಿಗೂ ಅಮಾಸಿ, ನಿಮ್ಮನಿಗೆ ಅಷ್ಟ ಹುಣ್ಣಿವಿ ಏನ್ರಿ?"

"ಹೌದವಾ, ನಮ್ಮ ಮನ್ಯಾಗ ಹುಣ್ಣಿವಿ. ನೋಡಾಕ ಬಂದಾಕಿ ನಿಂತ್ಯಾಕ? ಒಳಗ ಬಾ. ಎಳಿ ಹರದ್ರ ಕೂಡ್ಸಾಕ ಇನ್ನೊಂದು ಕೈ ಬೇಕು."

ಶಾಂತವ್ವ ವಿಷಯ ಕೇಳಿ ತಿಳಿದುಕೊಂಡಳು. ಕೈ ತೊಳೆದು ಬಂದು ನನ್ನ ಪಕ್ಕ ಕೂತಳು. ಸಂಜೆಯವರೆಗೆ ಏಳಲಿಲ್ಲ.

ಎಳೆ ಹರಿದವು. ಅಪ್ಪ ಹೇಳಿದಂತೆಯೇ ಹರಿದವು. ಹರಿದಾಗಲೆಲ್ಲ ಅಪ್ಪ ಕೈ ನಿಲ್ಲಿಸುತ್ತಿದ್ದ, ಶಾಂತವ್ವ ಕೂಡಿಸುತ್ತಿದ್ದಳು. ಆಯಿ ಬೆರಳನ್ನು ಗಂಜಿಯಲ್ಲಿ ಅದ್ದಿ ಆ ಜಾಗಕ್ಕೆ ಸವರುತ್ತಿದ್ದಳು. ಯಾರಿಗೂ ಊಟದ ನೆನಪಿರಲಿಲ್ಲ ಎನ್ನಲಾರೆ. ಆಯಿಗೆ ಇತ್ತು. ಹೊತ್ತಿಗೆ ಸರಿಯಾಗಿ ಅವ್ವನನ್ನು ಎಬ್ಬಿಸಿ ರೊಟ್ಟಿ, ಝುಣಕ ಬಡಿಸಿದಳು. ಕಾಕಾ ತಿನ್ನದೆ ಕೂತಾಗ, "ದೂರದ ದಾರಿ ಐತಿ. ಉಣ್ಣದ ಮನಶ್ಯಾ ಅವ್ವನ್ನ ಹ್ಯಾಂಗ ಹೊತ್ತು ತರತಿ?" ಎಂದಳು. ಅವರು ತಿಂದರು. ಹಾಸು ಆ ತಾಯಿಯದು, ಅಡ್ಡಕ್ಕೆ ಹಾಯುವ ಹೊಕ್ಕು ನಮ್ಮ ರೇಷ್ಮೆ. ಇಂಚಿಂಚಾಗಿ ಸೆರಗು ಮೇಲೆ ಬಂತು. ನಮ್ಮ ಸೆರಗುಗಳಷ್ಟು ನಯವಿರಲಿಲ್ಲ. ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ತೆಳು. ಕೆಂಪು ಮಾತ್ರ ಬೇರೆಯೇ ಕೆಂಪು.

ಬಸ್ಸಿನ ಹೊತ್ತು ಹತ್ತಿರ ಬಂದಾಗ ಅಪ್ಪ ಸೀರೆಯನ್ನು ಮಗ್ಗದಿಂದ ಇಳಿಸಿದ. ಮೂರು ವಾರಿ ಅಳೆದು ಕತ್ತರಿ ಇಟ್ಟದ್ದು ಆಯಿ. ಮಡಚಿ ಕಾಕಾನ ಕೈಗೆ ಕೊಟ್ಟಳು. ಕಾಕಾ ಅದನ್ನು ಕಣ್ಣಿಗೊತ್ತಿಕೊಂಡು ಹಾಗೇ ನಿಂತರು.

"ಆಕಿಗೆ ಹೇಳು" ಎಂದಳು ಆಯಿ, "ನೂಲು ಸಣ್ಣಗ ತಗೀಬೇಕು ಅಂತ. ನಮ್ಮ ಮನಿ ಮಂದೀನೆಲ್ಲ ದುಡಿಸಿ ಹಣ್ಣ ಮಾಡ್ಯಾಳ."

"ಹೇಳ್ತೇನಿ ಆಯಿ."

"ಉತ್ರಾ ತಗೊಂಡು ಬಾ."

ಇಂಗಿನ ಚೀಲವನ್ನು ಅವರು ನಮ್ಮಲ್ಲೇ ಬಿಟ್ಟು ಹೋದರು. ಹೊರೆ ಕಡಿಮೆ ಇರಲಿ ಎಂದು.

ಮರುವರ್ಷ ದೀಪಾವಳಿಯಾದ ಮೇಲೆ ಆಯಿ ಬಾಗಿಲ ಕಡೆ ಮುಖ ಮಾಡಿ ಕಂಡಿಕೆಗೆ ನೂಲು ಸುತ್ತಲು ಕೂರತೊಡಗಿದಳು. ಅದರ ಮರುವರ್ಷವೂ ಕೂತಳು. ಬೇರೆ ಇಂಗಿನವರು ಬಂದರು. ಆ ನದಿಯ ದಂಡೆಯ ಹಳ್ಳಿಗಳು ಬರಿದಾಗಿವೆ, ಜನ ಗಡಿಯಾಚೆ ಡೇರೆಗಳಲ್ಲಿದ್ದಾರೆ ಎಂದರು. ಕಾಕಾ ತಲುಪಿದರೇ, ತಾಯಿಯನ್ನು ದಾಟಿಸಿದರೇ, ಹೇಳಬಲ್ಲವರು ಸಿಗಲಿಲ್ಲ. ಆಯಿ ಆ ಆರು ವಾರಿಯ ಸೀರೆಯನ್ನು ಹಬ್ಬಕ್ಕೆ, ಮದುವೆಗೆ, ಮಹಾಕೂಟದ ಜಾತ್ರೆಗೆ ಹೋದಾಗ ಉಟ್ಟಳು. ಬಾವಿಯ ಹತ್ತಿರ, ಚಪ್ಪರದ ಕೆಳಗೆ ಹೆಂಗಸರು ಕೇಳುತ್ತಿದ್ದರು, "ಆಯಿ, ಸೀರಿಗೆ ಸೆರಗ ಇಲ್ಲಲ್ರಿ?" ಆಯಿ ಪ್ರತಿ ಸಲವೂ ಒಂದೇ ಉತ್ತರ ಕೊಟ್ಟಳು. "ಐತಿ. ಊರಿಗೆ ಹೋಗೇತಿ."

ಎಂಬತ್ತರ ದಶಕ ಮುಗಿಯುವ ಮೊದಲು ಆಯಿ ಲಿಂಗೈಕ್ಯಳಾದಳು. ಅಪ್ಪನ ಕಣ್ಣು ಮಂದವಾದ ಮೇಲೆ ಕುಣಿಗೆ ಮಣ್ಣು ತುಂಬಿ ಫರಸಿ ಕಲ್ಲು ಹಾಸಿದರು. ಈಗ ಆ ಮನೆಯೂ ಇಲ್ಲ, ಆ ಓಣಿಯಲ್ಲಿ ಅಮಾವಾಸ್ಯೆ ಬಂದರೂ ಗೊತ್ತಾಗುವುದಿಲ್ಲ. ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಸಮುದ್ರ ಮುಟ್ಟದ ನದಿಯೊಂದನ್ನು ಬರೆದೆ. ಯಾಕೆ ಮುಟ್ಟುವುದಿಲ್ಲ ಎಂದು ಮಕ್ಕಳು ಕೇಳಿದಾಗ ಕಾಕಾ ಹೇಳಿದ್ದನ್ನೇ ಹೇಳಿದೆ.

ಆ ಗುರುವಾರದ ಕೆಲಸ ಒಂದು ಹೇಳುವುದು ಉಳಿದಿದೆ. ಬಸ್ಸು ಹೋದ ಮೇಲೆ, ದೀಪ ಹಚ್ಚಿ, ಅವ್ವ ಸೂಜಿದಾರ ತಂದಳು, ಆಯಿಯ ಸೀರೆಯ ಕತ್ತರಿಸಿದ ಅಂಚನ್ನು ಮಡಚಿ ಹೊಲಿಯಲು. ಆಯಿ ಬೇಡವೆಂದಳು. "ಹೊಲದ್ರ ಮುಗದ ಹೋತು. ಎಳಿ ಬಿಟ್ಟಿರ್ಲಿ. ಸೆರಗ ತಿರುಗಿ ಬಂದ್ರ ಕೂಡ್ಸಾಕ ಎಳಿ ಬೇಕಲ್ಲ." ಎಳೆಗಳು ಬಿಚ್ಚಿ ಹೋಗದಂತೆ ಅಂಚಿನುದ್ದಕ್ಕೂ ಸಣ್ಣ ಸಣ್ಣ ಕುಚ್ಚು ಕಟ್ಟುತ್ತ ಬಂದಳು. ಇನ್ನೊಂದು ತುದಿಯನ್ನು ನಾನು ಹಿಡಿದಿದ್ದೆ. "ಬಿಗಿ ಹಿಡಿ" ಎನ್ನುತ್ತಿದ್ದಳು ನಡುನಡುವೆ. ಕೊನೆಯ ಕುಚ್ಚು ಕಟ್ಟಿ, ಸೀರೆ ಮಡಚಿ ಗಳದ ಮೇಲೆ ಹಾಕಿ, ಮಗ್ಗದ ಮುಂದಿನ ನೂಲಿನ ಚೂರುಗಳನ್ನು ಗುಡಿಸಿ ಒಟ್ಟುಮಾಡಿ, ಕೈ ತೊಳೆದುಕೊಂಡಳು.