ಟವೆಲ್ಲಿನ ಕಪ್ಪು ತುದಿ

ಮಾದೇವಣ್ಣ, ಸಾವುಕಾರರ ಪಿಕಪ್ಪಿನ ಇಂಜಿನ್ ಸುಟ್ಟಿದ್ದು ನಿಮ್ಮಿಂದಲ್ಲ, ನನ್ನಿಂದ. ಇಂಜಿನ್ನಾದರೂ ಹೋಗಲಿ, ಕಬ್ಬಿಣ — ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವನೂ ನಾನೇ. ಈ ಮಾತನ್ನು ಇಷ್ಟು ವರ್ಷ ಬಾಯೊಳಗೇ ಇಟ್ಟುಕೊಂಡು ನಿಮ್ಮೆದುರು ಓಡಾಡಿದ್ದೇನೆ. ನಿಮ್ಮ ಮಗಳ ಮದುವೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಹೋಳಿಗೆ ತಿಂದಿದ್ದೇನೆ.

ಕಂಪ್ಯೂಟರ್ ಇಂಜಿನ್ನಿನ ಗಾಡಿಗಳು ನಮ್ಮ ಕಡೆಗೆ ಹೊಸದಾಗಿ ಬಂದ ಕಾಲ ಅದು. ನಂಜನಗೂಡಿನಲ್ಲಿ ನನ್ನದೊಂದು ತಗಡಿನ ಶೆಡ್ಡು. ಉಳಿದ ಮೆಕ್ಯಾನಿಕ್‌ಗಳ ಕೈಯಲ್ಲಿ ಸ್ಪ್ಯಾನರ್ ಇದ್ದರೆ ನನ್ನ ಕೈಯಲ್ಲಿ ಲ್ಯಾಪ್‌ಟಾಪ್. ಕೊಯಮತ್ತೂರಿಗೆ ಹೋಗಿ ಅಷ್ಟಿಷ್ಟು ಕಲಿತು ಬಂದಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಟೀ ಕುಡಿಯಲು ಹೋದರೂ ಲ್ಯಾಪ್‌ಟಾಪಿನ ಚೀಲ ಹೆಗಲ ಮೇಲೇ ಇರುತ್ತಿತ್ತು.

ನಿಮ್ಮ ಸಾವುಕಾರರು, ನರಸೀಪುರದ ತರಕಾರಿ ವ್ಯಾಪಾರಿ ಗುರುಮಲ್ಲಪ್ಪನವರು, ನೀವು ಓಡಿಸುತ್ತಿದ್ದ ಪಿಕಪ್ಪಿನಲ್ಲಿ ನನ್ನ ಹೆಸರು ಕೇಳಿಕೊಂಡೇ ಬಂದರು. ಟೊಮ್ಯಾಟೊ ಲೋಡು ಹೊತ್ತು ಊಟಿ ಘಾಟ್ ಹತ್ತುವಾಗ ಗಾಡಿ ಏದುಸಿರು ಬಿಡುತ್ತದೆ, ಎಳೆತ ಹೆಚ್ಚಿಸಿಕೊಡು ಎಂದರು. ಇಂಜಿನ್ನಿಗೆ ಯಾವಾಗ ಎಷ್ಟು ಡೀಸೆಲ್ ಬಿಡಬೇಕೆಂದು ತೀರ್ಮಾನಿಸುವ ಪುಟ್ಟ ಕಂಪ್ಯೂಟರ್ ಆ ಗಾಡಿಯಲ್ಲಿತ್ತು. ಅದರೊಳಗಿನ ಲೆಕ್ಕವನ್ನು ಬದಲಿಸಬಹುದು. ಆದರೆ ಆಯಾ ಗಾಡಿಯ ಭಾರ, ದಾರಿ, ಬಿಸಿ ಎಲ್ಲ ನೋಡಿ, ಓಡಿಸಿ, ಮತ್ತೆ ಮತ್ತೆ ತಿದ್ದಬೇಕು. ಅಷ್ಟು ನನಗೆ ಬರುತ್ತಿರಲಿಲ್ಲ — ಬರುವುದಿಲ್ಲ ಎಂದು ಹೇಳಲು ನಾಲಿಗೆಯೂ ಏಳಲಿಲ್ಲ. ಯಾವುದೋ ದೊಡ್ಡ ಇಂಜಿನ್ನಿಗೆ ಮಾಡಿದ್ದ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನೇ ತುಂಬಿಸಿದೆ. ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿಯನ್ನು ತೊಡಿಸಿದಂತೆ.

ನೀವು ಬದನವಾಳಿನವರೆಗೆ ಓಡಿಸಿಕೊಂಡು ಬಂದಿರಿ. ನಿಮ್ಮ ಮುಖ ಅರಳಿತ್ತು.

"ಕುಮಾರ, ಬಸ್ಸುಗಳ್ನೆಲ್ಲ ಇಂದಕ್ಕೆ ಆಕ್ತು ಕಣಪ್ಪ. ಒಗೆ ನೋಡು, ಕಾಡಿಗೆ ಇದ್ದಂಗದೆ."

ಹೊಗೆ ಕಪ್ಪಾದಷ್ಟೂ ಇಂಜಿನ್ನಿಗೆ ಕಸುವು ಎಂದು ನಂಬಿದ್ದ ಜನ ನಾವು. ಕಪ್ಪು ಹೊಗೆ ಎಂದರೆ ಡೀಸೆಲ್ ಮಿತಿಮೀರಿದೆ ಎಂದು ಕೊಯಮತ್ತೂರಿನಲ್ಲಿ ಹೇಳಿಕೊಟ್ಟಿದ್ದರು. ನನಗೆ ಗೊತ್ತಿತ್ತು. ಆದರೆ ಸಾವುಕಾರರು ಬೆನ್ನು ತಟ್ಟುತ್ತಿದ್ದರು, ನೀವು ನಗುತ್ತಿದ್ದಿರಿ — ನಾನೂ ನಕ್ಕುಬಿಟ್ಟೆ.

ಮುಂದಿನ ತಿಂಗಳೇ ಘಾಟಿನಲ್ಲಿ ಗಾಡಿ ನಿಂತಿತು. ಕಟ್ಟಿ ಎಳೆದು ತಂದರು. ನಾನೇ ಕೆಳಗೆ ಮಲಗಿ ಇಂಜಿನ್ ಎಣ್ಣೆ ಇಳಿಸಿದೆ. ತಟ್ಟೆ ತುಂಬಿತು; ಎಷ್ಟಿರಬೇಕೋ ಅಷ್ಟೂ ಇತ್ತು. ಇಂಜಿನ್ ಬಿಚ್ಚಿದರೆ ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಿತ್ತು. ಮಿತಿಮೀರಿ ಡೀಸೆಲ್ ಕುಡಿಸಿದ್ದಕ್ಕೆ ಅದು. ನೋಡಿದ ಕ್ಷಣವೇ ನನಗೆ ತಿಳಿಯಿತು.

ಸಾವುಕಾರರು ನಿಮ್ಮ ಜೊತೆ ಬಾಗಿಲಲ್ಲಿ ನಿಂತು ಕೇಳಿದರು, "ಏನಾಗಿತ್ತಪ್ಪ?"

"ಎಣ್ಣೆ ನೋಡ್ದೆ ಓಡ್ಸವ್ರೆ, ಸಾವ್ಕಾರ್ರೆ."

ಅಷ್ಟೇ ಮಾತು. ನಾಲಿಗೆ ತೊದಲಲೂ ಇಲ್ಲ.

ಯಾರ ಬಗ್ಗೆ ಹೇಳಿದೆ ನಾನು? ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ಎಣ್ಣೆಯ ಕಡ್ಡಿ ಎಳೆದು, ಹೆಗಲ ಟವೆಲ್ಲಿನ ತುದಿಗೆ ಒರೆಸಿ, ಅದ್ದಿ, ಮಟ್ಟ ನೋಡಿದ ಮೇಲೆಯೇ ಗಾಡಿಯ ದೇವರಿಗೆ ಊದುಬತ್ತಿ ಹಚ್ಚುತ್ತಿದ್ದವರ ಬಗ್ಗೆ. ನಿಮ್ಮ ಟವೆಲ್ಲಿನ ಆ ಒಂದು ತುದಿ ಸದಾ ಕಪ್ಪು. ನಿಮ್ಮ ಮನೆಯ ಅಕ್ಕ ಎಷ್ಟು ಒಗೆದರೂ ಬಿಡುವುದಿಲ್ಲವೆಂದು ಬೈಯುತ್ತಿದ್ದರು.

"ನೋಡಿದ್ದೆ ಕಣಪ್ಪ," ಎಂದಿರಿ ನೀವು. ಸಾವುಕಾರರು ನಿಮ್ಮನ್ನೇ ನೋಡಿದರು. ನೀವು ನನ್ನನ್ನು ನೋಡಿದಿರಿ. ನಾನು ಬೋಲ್ಟ್ ಒರೆಸುತ್ತಾ ಕೂತೆ. ಆಮೇಲೆ ನಿಮ್ಮ ದನಿ ಇಳಿಯಿತು — "ನೋಡಿದ್ದೆ ಅಂತ್ಲೇ ಅನ್ಕಂಡಿದ್ದೆ..."

ಕೀಲಿ ಕೊಟ್ಟು ಹೋದಿರಿ. ಎಣ್ಣೆ ನೋಡದ ಡ್ರೈವರ್ ಎಂಬ ಮಾತು ನಿಮಗಿಂತ ಮುಂಚೆ ಊರು ತಲುಪಿತ್ತು. ಮತ್ತೆ ಯಾರೂ ನಿಮಗೆ ಸ್ಟೇರಿಂಗ್ ಕೊಡಲಿಲ್ಲ. ನರಸೀಪುರದ ಅದೇ ಮಾರ್ಕೆಟ್ಟಿನಲ್ಲಿ, ನೀವು ಓಡಿಸುತ್ತಿದ್ದಂಥ ಗಾಡಿಗಳಿಗೇ ನೀವು ಮೂಟೆ ಹೊತ್ತಿರಿ. ನನ್ನ ಶೆಡ್ಡು ಮಾತ್ರ ಚೆನ್ನಾಗಿ ನಡೆಯಿತು. ಹಾಗೇಕೆ ಹೇಳಿದೆ ಎಂದು ಕಾರಣ ಬರೆಯಲು ಹೊರಟು ನಿಲ್ಲಿಸಿದ್ದೇನೆ. ಬರೆದರೆ ಅದು ಇನ್ನೊಂದು ಸುಳ್ಳಾದೀತು.

ನಿಮ್ಮ ಬಡತನಕ್ಕೆ ನಾನು ಕಾರಣ ಎಂದಷ್ಟೇ ಇಷ್ಟು ದಿನ ತಿಳಿದಿದ್ದೆ. ಅದಕ್ಕಿಂತ ದೊಡ್ಡದನ್ನು ಕದ್ದಿದ್ದೇನೆ ಎಂದು ಮೊನ್ನೆ ತಿಳಿಯಿತು. ಮಗ ಕೊಂಡ ಗೂಡ್ಸ್ ಆಟೋದಲ್ಲಿ ಅವನ ಜೊತೆ ಕೂತು ನನ್ನ ಶೆಡ್ಡಿಗೆ ಬಂದಿರಿ. ಮಗ ಎಣ್ಣೆಯ ಕಡ್ಡಿ ಎಳೆದು ನಿಮ್ಮ ಮುಂದೆ ಹಿಡಿದ. ನೀವು ಮುಖ ತಿರುಗಿಸಿದಿರಿ.

"ಕುಮಾರನಿಗೆ ತೋರ್ಸಪ್ಪ. ನನ್ ಕಣ್ಣು ನಂಬ್ಕಂಡು ಒಂದ್ಸಲ ಕೆಟ್ಟಿವ್ನಿ."

ನಿಮ್ಮ ಹೆಗಲ ಟವೆಲ್ಲಿನ ನಾಲ್ಕು ತುದಿಯೂ ಬೆಳ್ಳಗಿತ್ತು, ಮಾದೇವಣ್ಣ. ನಾನು ಹೇಳಿದ ಸುಳ್ಳನ್ನು ಸಾವುಕಾರರಿಗಿಂತ ಹೆಚ್ಚು ನಂಬಿದವರು ನೀವು. ಆಗಲೂ ನಾನು ನಿಜ ಹೇಳಲಿಲ್ಲ. ಕಡ್ಡಿ ನೋಡಿ, ಸರಿಯಾಗಿದೆ ಎಂದು ಹೇಳಿ ಕಳಿಸಿದೆ. ಥೂ, ಎಂಥ ಜನ್ಮ ನನ್ನದು.

ನಾಳೆ ಬೆಳಿಗ್ಗೆ, ಮಗ ಆಟೋ ಹೊರಡಿಸುವ ಮೊದಲೇ, ನಿಮ್ಮ ಮನೆಗೆ ಬರುತ್ತೇನೆ. ಇದನ್ನೆಲ್ಲ ಅವನ ಮುಂದೆ ಹೇಳುತ್ತೇನೆ. ನರಸೀಪುರದ ಮಾರ್ಕೆಟ್ಟಿನಲ್ಲಿ ಸಾವುಕಾರರ ಮುಂದೆಯೂ ಹೇಳುತ್ತೇನೆ. ಅವರು ಏನು ಮಾಡಿದರೂ ಮಾಡಲಿ. ನಿಮ್ಮಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನೀವು ಅಂದು ನೋಡಿದ್ದಿರಿ, ಮಾದೇವಣ್ಣ. ಎಣ್ಣೆ ಸರಿಯಾಗಿಯೇ ಇತ್ತು.