ವಸಯಿ ಲೋಕಲ್ಲಿನ ಕಸ್ತೂರಕ್ಕ

ಜಮಖಂಡಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಕಸ್ತೂರಕ್ಕ ಮಡಿಲ ತುಂಬ ಮೆಂತ್ಯದ ಸೊಪ್ಪು ಹಾಕಿಕೊಂಡು ಸೋಸುತ್ತ ಕೂತಿರುತ್ತಿದ್ದಳು. ಬಸ್ಸು ಎಂಥ ಗುಂಡಿಗೆ ಬಿದ್ದರೂ ಒಂದೆಲೆ ಕೆಳಗೆ ಬೀಳುತ್ತಿರಲಿಲ್ಲ. ಕಂಡಕ್ಟರ್ ಗೊಣಗಿದರೆ, "ವಸಯಿ ಲೋಕಲ್ ರೈಲಿನ್ಯಾಗ ಹೆಣ್ಮಕ್ಕಳು ಅರ್ಧಾ ಅಡಗಿ ಮುಗಸ್ತಾರ. ನಿನ್ನ ಬಸ್ಸಿಗೇನ ಬ್ಯಾನಿ ಆಗಾಕತ್ತೈತಿ?" ಎನ್ನುತ್ತಿದ್ದಳು. ಕಡ್ಡಿ ಕಸ ಮಾತ್ರ ತನ್ನ ಚೀಲಕ್ಕೇ ಹಾಕಿಕೊಳ್ಳುತ್ತಿದ್ದಳು, ಅದನ್ನೂ ಹೇಳಬೇಕು.

ಅವಳು ರಬಕವಿಯ ನೇಕಾರರ ಮನೆಯ ಸೊಸೆ. ಗಂಡನಿಗೆ ಮುಂಬಯಿಯ ಗಿರಣಿಯಲ್ಲಿ ಕೆಲಸವಿತ್ತು. ಬಾಡಿಗೆ ಕಡಿಮೆಯೆಂದು ಸಮುದ್ರದ ಬದಿಯ ವಸಯಿಯಲ್ಲಿ ಮನೆ ಮಾಡಿದ್ದರು. ಇವಳೂ ಮುಂಬಯಿಯ ದಾದರಿನ ಹೊಲಿಗೆ ಕಾರ್ಖಾನೆಗೆ ಲೋಕಲ್ ರೈಲಿನ ಹೆಂಗಸರ ಬೋಗಿಯಲ್ಲಿ ಹದಿನಾಲ್ಕು ವರ್ಷ ಹೋಗಿಬಂದವಳು. ಗಿರಣಿ ಮುಚ್ಚಿ ಗಂಡನೂ ತೀರಿಕೊಂಡ ಮೇಲೆ ಊರಿಗೆ ಬಂದು, ಮೈದುನಂದಿರು ಬೇಡವೆಂದರೂ ಜಮಖಂಡಿಯ ಹೊಲಿಗೆ ಅಂಗಡಿಗೆ ಸೇರಿದಳು. ರೈಲು ಹತ್ತಬೇಕೆಂದರೆ ಕುಡಚಿಗೋ ಬಾಗಲಕೋಟೆಗೋ ಹೋಗಬೇಕಾದ ನಮಗೆ ಅವಳ ಲೋಕಲ್ಲಿನ ಮಾತೆಂದರೆ ಕಿವಿಯೆಲ್ಲ ಅತ್ತಲೇ.

ನಾನಾಗ ಬನಹಟ್ಟಿಯಿಂದ ಜಮಖಂಡಿಯ ಕಾಲೇಜಿಗೆ ಹೋಗುತ್ತಿದ್ದೆ. ಹೆಂಗಸರ ಸೀಟಿನಲ್ಲಿ ಗಂಡಸರು ಆರಾಮಾಗಿ ಕೂತಿರುತ್ತಿದ್ದರು, ಹುಡುಗಿಯರು ಬಾಗಿಲ ಬಳಿ ನೂಕುನುಗ್ಗಲಿನಲ್ಲಿ. ಕಿರಾಣಿ ಅಂಗಡಿಯ ನನ್ನ ಅಪ್ಪ ಒಂದು ದಿನ ಖಡಾಖಂಡಿತ ಹೇಳಿಬಿಟ್ಟ: "ಮಂದಿ ನಡುವ ಒತ್ತಿಸಿಕೊಂಡ ನಿಂತ ಹೋಗೂದಾದ್ರ ಕಾಲೇಜ ಬ್ಯಾಡ. ಇದೊಂದ ತಿಂಗಳ ನೋಡ್ತೇನಿ." ನಾನು ಅದನ್ನು ಕಸ್ತೂರಕ್ಕನ ಮುಂದೆ ಹೇಳಿಕೊಂಡು ಅತ್ತೆ.

"ಅಳಬ್ಯಾಡ. ಬಸ್ಸಿಗೆ ಕಾನೂನ ಕಲಸೂಣು," ಎಂದಳು.

ಕಾನೂನು ಎರಡು, ಎರಡೂ ಲೋಕಲ್ ರೈಲಿನವು. ಮೂವರು ಕೂತ ಸೀಟಿನಲ್ಲಿ ಸರಿದು ನಾಲ್ಕನೆಯವರಿಗೆ ಜಾಗ ಕೊಡಬೇಕು. ಕೂತು ಬಂದವರು ಅರ್ಧ ದಾರಿಯಲ್ಲಿ ಎದ್ದು, ನಿಂತು ಬಂದವರನ್ನು ಕೂರಿಸಬೇಕು. ನಮ್ಮ ಅರ್ಧ ದಾರಿಗೆ ರಸ್ತೆ ಪಕ್ಕದ ಬೆಲ್ಲದ ಗಾಣವೇ ಗುರುತು. ಮೊದಲ ದಿನ ಎಲ್ಲರೂ ನಕ್ಕರು. ಅವಳು ಸೀಟಿನೆದುರು ನಿಂತು "ಸರೀರಿ" ಎಂದಳು. ಎರಡನೆಯ ಸಲವೂ ಅಂದಳು. ಮೂರನೆಯ ಸಲ ಡ್ರೈವರನೇ ಹಿಂತಿರುಗಿ ನೋಡಿದ.

"ಇದು ಮುಂಬೈ ಅಲ್ಲ ಬಾಯಾರ," ಎಂದ ಒಬ್ಬ.

"ಅದಕ್ಕ ಕಲಸಾಕತ್ತೇನಿ," ಎಂದು ಅವನ ಪಕ್ಕದಲ್ಲೇ ಕೂತಳು. ಎರಡು ವಾರದಲ್ಲಿ ಗಾಣ ಬಂದರೆ ಕೆಲವರು ತಾವೇ ಏಳತೊಡಗಿದರು, ಗೊಣಗುತ್ತಲೇ.

ತಿಂಗಳು ಮುಗಿಯುವ ಹೊತ್ತಿಗೆ ಅಪ್ಪ ಹೇಳದೆ ಕೇಳದೆ ನಮ್ಮ ಬಸ್ಸು ಹತ್ತಿದ. ಹತ್ತಿ ಹೆಂಗಸರ ಸೀಟಿನಲ್ಲೇ ಕೂತ. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ರಬಕವಿಯಿಂದಲೇ ಬಂದಿದ್ದ ಕಸ್ತೂರಕ್ಕನಿಗೆ ಅವನ ಗುರುತಿಲ್ಲ, ಹೇಳಲು ನನಗೆ ಬಾಯಿ ಬರಲಿಲ್ಲ. ಗಾಣ ಬಂತು.

"ಏಳ್ರಿ ಸಾವಕಾರ, ನಿಮ್ಮ ಪಾಳಿ ಮುಗೀತು. ಈ ಹುಡುಗಿ ಕುಂಡ್ರಲಿ."

ಅಪ್ಪನ ಮುಖ ಕೆಂಪಾಯಿತು. "ನಾ ಇಕಿ ಅಪ್ಪ ಅದೇನಿ."

ನನ್ನ ಓದು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ಅಪ್ಪ ಆದ್ರ ಗಾಣಕ್ಕಿಂತ ಮೊದ್ಲ ಏಳಬೇಕಿತ್ರಿ," ಎಂದಳು ಕಸ್ತೂರಕ್ಕ.

ಅಪ್ಪ ಎದ್ದ. ಅಪ್ಪ ನಿಂತಿರುವಾಗ ಮಗಳು ಕೂರುವುದು ನಮ್ಮ ಮನೆಯಲ್ಲಿ ಆವರೆಗೆ ಆಗಿರಲಿಲ್ಲ. "ಕುಂಡ್ರ ತಂಗಿ," ಎಂದಳು ಅವಳು. ಕೂತೆ. ಹೆದರಿಕೆಯೂ ಆಯಿತು, ಹೇಳಬಾರದಷ್ಟು ಖುಷಿಯೂ ಆಯಿತು. ಅಪ್ಪ ಜಮಖಂಡಿಯವರೆಗೆ ಜನರ ನಡುವೆ ಒತ್ತಿಸಿಕೊಂಡೇ ಬಂದ.

ಸಂಜೆ ಅವ್ವನಿಗೆ ಅವನು ಹೇಳಿದ್ದು ಇಷ್ಟು: "ಕಾಲೇಜಿಗೆ ಹೋಗ್ಲಿ. ಆದ್ರ ಆ ಹೆಣ್ಮಗಳು ಇರೂ ಬಸ್ಸಿಗೇ ಹೋಗ್ಲಿ."

ಬಿ.ಎ. ಪಾಸಾದ ದಿನ ಪೇಢೆ ಹಿಡಿದು ಅವಳ ಅಂಗಡಿಗೆ ಓಡಿದೆ.

"ಛಲೋ ಆತು. ಮುಂದ?" ಎಂದಳು.

"ಅಪ್ಪ ವರಾ ನೋಡಾಕತ್ತಾನ. ಮನ್ಯಾಗ ಇರ್ತೇನಿ."

ಹೊಲಿಗೆ ಮಷಿನ್ ನಿಂತಿತು. "ಮತ್ತ ಮೂರ ವರ್ಷ ಅಷ್ಟ ಮಂದೀನ ಯಾಕ ಎಬ್ಬಿಸಿದ್ನಿ ನಾ?"

ಅವಳು ಪೇಢೆ ಮುಟ್ಟಲೇ ಇಲ್ಲ. ಇವಳ್ಯಾರು ನನ್ನನ್ನು ಕೇಳಲು ಎಂದು ದಾರಿಯುದ್ದಕ್ಕೂ ಕುದಿದೆ. ಆ ಸಿಟ್ಟಿನಲ್ಲೇ ಅರ್ಜಿಗಳನ್ನು ಬರೆದೆ, ಅಪ್ಪನ ಎದುರೇ ಕೂತು ಬರೆದೆ. ಬಂದ ವರನನ್ನು ಒಲ್ಲೆನೆಂದೆ. ಏಳೆಂಟು ತಿಂಗಳಿಗೆ ಮುಧೋಳದ ಕಚೇರಿಯೊಂದರಿಂದ ಕೆಲಸದ ಆದೇಶ ಬಂತು.

ಅದನ್ನು ಹಿಡಿದು ಹೋದರೆ ಅವಳ ಮಷಿನ್ನಿನ ಮುಂದೆ ಬೇರೊಬ್ಬಳು ಕೂತಿದ್ದಳು. ವಯಸ್ಸಾಯಿತು, ಇನ್ನು ಮನೆಯಲ್ಲಿರು ಎಂದು ಮೈದುನಂದಿರು ಪಟ್ಟು ಹಿಡಿದರಂತೆ. ಮರುದಿನವೇ ಕಸ್ತೂರಕ್ಕ ಟ್ರಂಕು ಕಟ್ಟಿ ವಸಯಿಗೆ ಹೊರಟು ಹೋದಳಂತೆ. ವಿಳಾಸ ಯಾರ ಬಳಿಯೂ ಇರಲಿಲ್ಲ. ಅವಳು ಕೇಳಿದ ಪ್ರಶ್ನೆಯ ಉತ್ತರ ನನ್ನ ಕೈಯಲ್ಲೇ ಉಳಿಯಿತು.